ನಾಲ್ಕು ಗಂಟೆಗೆ ಏಳುವ ಶೆಟ್ಟರು

ಮನೆಯ ಹಿರಿಯರನ್ನು ಹೋಮ್‌ಗೆ ಸೇರಿಸಲು ಹೋದವರ ಕೈಗೆ ಮೊದಲು ಬರುವುದು ಒಂದು ಫಾರಂ. ಹೆಸರು, ವಯಸ್ಸು, ಆಧಾರ್ ನಂಬರು, ಬಿಪಿ, ಶುಗರ್, ನುಂಗುವ ಮಾತ್ರೆಗಳ ಪಟ್ಟಿ, ಡೈಪರ್ ಬೇಕೋ ಬೇಡವೋ, ತುರ್ತಿಗೆ ಯಾರ ಮೊಬೈಲು, ಡಿಪಾಸಿಟ್ ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ. ಎಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇವರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುವವರು, ಯಾಕೆ ಏಳುವವರು ಎಂದು ಕೇಳುವ ಫಾರಂ ಅಪರೂಪ. ಆ ಒಂದು ಪ್ರಶ್ನೆ ಬಿಟ್ಟುಹೋದರೆ ಏನಾಗಬಹುದು ಎಂಬುದಕ್ಕೆ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ನಿಜವಾದ ಯಾರೂ ಅಲ್ಲ. ಹಾಗೆಂದು ಮುಂಬಯಿಯ ಘಾಟ್ಕೋಪರ್‌ನ ಕನ್ನಡಿಗರಿಗೆ ಗುರುತು ಸಿಗದವರೂ ಅಲ್ಲ.

ಉಡುಪಿ ಕಡೆಯ ಹಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿ, ಸಪ್ಲೈಯರ್ ಆಗಿ, ಕೊನೆಗೆ ಘಾಟ್ಕೋಪರ್ ಸ್ಟೇಷನ್ ಹತ್ತಿರ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತ ಶೆಟ್ಟರು. ನಲವತ್ತು ವರ್ಷ ನಸುಕಿನ ನಾಲ್ಕಕ್ಕೆ ಎದ್ದವರು. ಹಾಲಿನ ಗಾಡಿ ಬರುವ ಹೊತ್ತು ಅದು. ಭಟ್ಟರು ಇಡ್ಲಿಗೆ ಒಲೆ ಹಚ್ಚುವ ಹೊತ್ತು. ಶಟರನ್ನು ಅರ್ಧ ಎತ್ತುವ ಹೊತ್ತು. ಈಗ ವಯಸ್ಸು ಎಂಬತ್ತರ ಹತ್ತಿರ, ಮರೆವಿನ ರೋಗ ಡಿಮೆನ್ಶಿಯಾ ಬಂದಿದೆ. ಹೋಮಿನಲ್ಲೂ ನಾಲ್ಕಕ್ಕೇ ಏಳುತ್ತಾರೆ. ಬಾಗಿಲಿನ ಚಿಲಕ ಎಳೆಯುತ್ತಾರೆ. ಪಕ್ಕದ ಮಂಚದವರನ್ನು "ಏಳು ಮಾರಾಯ, ಹಾಲು ಬಂತು" ಎಂದು ಅಲುಗಾಡಿಸುತ್ತಾರೆ. ನೈಟ್ ಡ್ಯೂಟಿಯ ಹುಡುಗ ಕಣ್ಣುಜ್ಜಿಕೊಂಡು ಬಂದು "ಬಾಬಾ, ಸೋ ಜಾವೋ" ಎನ್ನುತ್ತಾನೆ. ಶೆಟ್ಟರು ಬೈಯುತ್ತಾರೆ. ತೋಳು ಹಿಡಿದರೆ ಕೊಡವುತ್ತಾರೆ. ರಿಜಿಸ್ಟರಿನಲ್ಲಿ "ರಾತ್ರಿ ನಿದ್ದೆ ಇಲ್ಲ, ಹೊಡೆಯಲು ಬರುತ್ತಾರೆ" ಎಂದು ದಾಖಲಾಗುತ್ತದೆ. ಮುಂದಿನ ವಾರ ಡಾಕ್ಟರು ಬಂದಾಗ ಪಟ್ಟಿಗೆ ಇನ್ನೊಂದು ಮಾತ್ರೆ ಸೇರುತ್ತದೆ. ಆಮೇಲೆ ಶೆಟ್ಟರು ನಾಲ್ಕಕ್ಕೆ ಏಳುವುದಿಲ್ಲ. ಹತ್ತಕ್ಕೂ ಸರಿಯಾಗಿ ಏಳುವುದಿಲ್ಲ. ತಿಂಡಿ ತಪ್ಪುತ್ತದೆ, ನಡಿಗೆ ತೊಡರುತ್ತದೆ, ಒಂದು ದಿನ ಬಚ್ಚಲಲ್ಲಿ ಬೀಳುತ್ತಾರೆ.

ಇದರಲ್ಲಿ ದುಷ್ಟರು ಯಾರೂ ಇಲ್ಲ. ಹುಡುಗನಿಗೆ ಹನ್ನೆರಡು ತಾಸಿನ ಪಾಳಿ, ಮಗನಿಗೆ ಮನೆ ಸಾಲದ ಕಂತು, ಡಾಕ್ಟರಿಗೆ ಕೈಯಲ್ಲಿದ್ದದ್ದು ರಿಜಿಸ್ಟರಿನ ಆ ಒಂದು ಸಾಲು. ಶೆಟ್ಟರು ಹೋಟೆಲಿನವರು, ನಾಲ್ಕಕ್ಕೆ ಏಳುವುದು ಅವರ ರೋಗವಲ್ಲ, ಅವರ ಉದ್ಯೋಗ ಎಂದು ಯಾರಾದರೂ ಹೇಳಿದ್ದರೆ ಕತೆ ಬೇರೆಯಾಗುತ್ತಿತ್ತು. ನಾಲ್ಕಕ್ಕೆ ದೀಪ ಹಾಕಿ, ಗ್ಲಾಸಿನಲ್ಲಿ ಚಹಾ ಕೊಟ್ಟು, ಒಂದು ಟ್ರೇ ಸ್ಟೀಲ್ ಲೋಟ ಮತ್ತು ಒರೆಸುವ ಬಟ್ಟೆ ಮುಂದಿಡಬಹುದಿತ್ತು. ಅಥವಾ ಒಂದು ಹಳೆಯ ಲೆಕ್ಕದ ಪುಸ್ತಕ. "ಶೆಟ್ರೇ, ಭಟ್ರು ಇನ್ನೂ ಬರ್ಲಿಲ್ಲ, ನೀವು ಸ್ವಲ್ಪ ಕೂತ್ಕೊಳ್ಳಿ" ಎಂದು ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತು ಸಿಕ್ಕಿದ್ದರೆ ಇನ್ನೂ ಒಳ್ಳೆಯದಿತ್ತು. ಜಗತ್ತಿನ ದಾದಿಯರೂ ಮನೋವೈದ್ಯರೂ ಈಗ ವ್ಯಕ್ತಿಕೇಂದ್ರಿತ ಆರೈಕೆ ಎಂದು ಕರೆಯುವುದು ಇದನ್ನೇ. ರೋಗದ ಹೆಸರಿಗಿಂತ ಮೊದಲು ಮನುಷ್ಯನ ಬದುಕನ್ನು ತಿಳಿದುಕೊಂಡು, ದಿನಚರಿಯನ್ನು ಅದಕ್ಕೆ ತಕ್ಕಂತೆ ಹೊಲಿಯುವುದು.

ಇದಕ್ಕೊಂದು ಶಾಸ್ತ್ರ ಕಟ್ಟಿದವರು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್. ಅವರು ಬಂದ ದಾರಿಯೂ ಸ್ವಾರಸ್ಯದ್ದು. ಮೊದಲು ಪಾದ್ರಿ, ನಡುವೆ ಉಗಾಂಡಾದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಆಮೇಲೆ ಮನಶ್ಶಾಸ್ತ್ರ. 1906ರಲ್ಲಿ ಜರ್ಮನಿಯ ಆಲೋಯ್ಸ್ ಆಲ್ಝೈಮರ್ ತಮ್ಮ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡದ್ದನ್ನು ವೈದ್ಯರ ಸಭೆಯಲ್ಲಿ ಹೇಳಿದಂದಿನಿಂದ ಎಲ್ಲರ ಕಣ್ಣು ಮೆದುಳಿನ ಮೇಲೆ ನೆಟ್ಟಿತ್ತು. ಮೆದುಳು ಹಾಳಾಗುತ್ತದೆಂಬುದನ್ನು ಕಿಟ್‌ವುಡ್ ಅಲ್ಲಗಳೆಯಲಿಲ್ಲ. ನಮ್ಮ ಕಣ್ಣಿಗೆ ಬೀಳುವ ವರ್ತನೆಯಲ್ಲಿ ಮೆದುಳಿನ ಪಾಲು ಒಂದಾದರೆ, ಆ ಮನುಷ್ಯನ ಸ್ವಭಾವ, ಬದುಕಿನ ಕತೆ, ದೇಹದ ಆರೋಗ್ಯ ಮತ್ತು ಸುತ್ತಲಿನವರು ನಡೆಸಿಕೊಳ್ಳುವ ರೀತಿಗೂ ಅದರಲ್ಲಿ ಪಾಲಿದೆ ಎಂದರು. 1997ರಲ್ಲಿ ಬಂದ ‘ಡಿಮೆನ್ಶಿಯಾ ರೀಕನ್ಸಿಡರ್ಡ್’ ಅವರ ಮುಖ್ಯ ಪುಸ್ತಕ. ಮರುವರ್ಷವೇ ಅವರು ತೀರಿಕೊಂಡರು.

ಆ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಹದಿನೇಳು ನಡವಳಿಕೆಗಳ ಒಂದು ಪಟ್ಟಿ. ಒಳ್ಳೆಯ ಮನಸ್ಸಿನವರೇ ತಿಳಿಯದೆ ಮಾಡಿ, ಎದುರಿಗಿರುವವರನ್ನು ಮನುಷ್ಯರ ಲೆಕ್ಕದಿಂದ ತೆಗೆದುಹಾಕುವ ಕೆಲಸಗಳು ಅವು. ಮಗುವಿನಂತೆ ಮುದ್ದುಮಾತಾಡುವುದು. ಅವರ ವೇಗಕ್ಕೆ ಕಾಯದೆ ತುತ್ತಿನ ಮೇಲೆ ತುತ್ತು ತುರುಕುವುದು. ಅವರು ಮುಂದೆಯೇ ಕೂತಿರುವಾಗ ತಲೆಯ ಮೇಲಿಂದ ಇನ್ನೊಬ್ಬರ ಜೊತೆ ಅವರ ಮಲಮೂತ್ರದ ಸುದ್ದಿ ಮಾತಾಡುವುದು. ಮೋಸ ಮಾಡಿ ಒಪ್ಪಿಸುವುದು. "ಊರಿಗೆ ಹೋಗುವ, ಬನ್ನಿ" ಎಂದು ಕಾರು ಹತ್ತಿಸಿ ಪನ್ವೇಲಿನ ಹೋಮಿನ ಗೇಟಿನಲ್ಲಿ ಇಳಿಸಿದ ಕತೆಗಳು ನಮ್ಮವರಲ್ಲಿ ಕಡಿಮೆಯಿಲ್ಲ. ಮನೆಯಲ್ಲೇ ಇಟ್ಟುಕೊಂಡವರು ಇವುಗಳಿಂದ ತಪ್ಪಿಸಿಕೊಂಡಿದ್ದಾರೆ ಎಂದೇನೂ ಅಲ್ಲ. ಪಟ್ಟಿಯ ಅರ್ಧಕ್ಕರ್ಧ ನಮ್ಮ ಹಾಲ್‌ನ ಸೋಫಾದ ಮೇಲೆಯೇ ನಡೆಯುತ್ತದೆ.

ಘಾಟ್ಕೋಪರ್‌ನಂಥ ಜಾಗದಲ್ಲಿ ಹೋಮಿನ ಪ್ರಶ್ನೆ ಈಗ ಯಾಕೆ ಎದ್ದಿತು? ದೇಶದ ಲೆಕ್ಕ ಮೊದಲು ಹೇಳಿಬಿಡುತ್ತೇನೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4 ಮಂದಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. 2036ರ ಹೊತ್ತಿಗೆ ಈ ಸಂಖ್ಯೆ ಸುಮಾರು ಇಮ್ಮಡಿಯಾಗಬಹುದು. ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುವ ನಮ್ಮ ಅಭ್ಯಾಸದಿಂದ ಬಹುಪಾಲು ಜನ ಡಾಕ್ಟರ ಬಾಗಿಲಿಗೆ ಹೋಗುವುದೇ ಇಲ್ಲ.

ಅಂಕಿಗಳಿಗಿಂತ ಹೆಚ್ಚು ಹೇಳುವುದು ಇಲ್ಲಿನ ಕಟ್ಟಡಗಳು. ಪಂತ್‌ನಗರದಲ್ಲಿ ಸರ್ಕಾರಿ ಗೃಹಮಂಡಳಿ ಮ್ಹಾಡಾದ ಬಿಲ್ಡಿಂಗುಗಳು, ತಿಲಕ್ ನಗರ, ಭಟ್‌ವಾಡಿ, ಅಸಲ್ಫಾ ಗುಡ್ಡದ ಚಾಳುಗಳು: ಎಲ್ಲಿ ನೋಡಿದರೂ ರೀಡೆವಲಪ್‌ಮೆಂಟ್. ಚಾಳು ಎಂಬುದು ಯಾರೂ ಯೋಜಿಸದೆ ಹುಟ್ಟಿಕೊಂಡ ಒಂದು ಆರೈಕೆಯ ವ್ಯವಸ್ಥೆಯಾಗಿತ್ತು. ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು. ಮರೆವಿನ ಅಜ್ಜಿ ಲುಂಗಿ ಒಣಹಾಕಿದ ಗ್ಯಾಲರಿಯಲ್ಲಿ ನಡೆದುಹೋದರೆ ಎಂಟು ಮನೆಯವರ ಕಣ್ಣಿಗೆ ಬೀಳುತ್ತಿದ್ದಳು. ಕೆಳಗಿನ ಪಾನ್‌ವಾಲಾ ರಸ್ತೆ ದಾಟಲು ಬಿಡುತ್ತಿರಲಿಲ್ಲ. ಈಗ ಹದಿನಾಲ್ಕನೇ ಮಹಡಿ, ಮುಚ್ಚಿದ ಸೇಫ್ಟಿ ಡೋರ್, ಎಲ್ಲ ಮಹಡಿಯಲ್ಲೂ ಒಂದೇ ತರದ ಕಾರಿಡಾರ್. ಹೊಸ ಜಾಗದ ನಕ್ಷೆ ಬರೆದಿಟ್ಟುಕೊಳ್ಳುವ ಮೆದುಳಿನ ಭಾಗವಾದ ಹಿಪ್ಪೊಕ್ಯಾಂಪಸ್ ಆಲ್ಝೈಮರ್ ರೂಪದ ಡಿಮೆನ್ಶಿಯಾದಲ್ಲಿ ಮೊದಮೊದಲೇ ಸೊರಗುತ್ತದೆ. ಐವತ್ತು ವರ್ಷ ಬದುಕಿದ ಖೋಲಿಯಲ್ಲಿ ಕತ್ತಲಲ್ಲೂ ಮೋರಿಗೆ ಹೋಗಿ ಬರುತ್ತಿದ್ದವರು ಹೊಸ ಫ್ಲ್ಯಾಟಿನಲ್ಲಿ ಬಚ್ಚಲು ಸಿಗದೆ ವಾರ್ಡ್‌ರೋಬಿನ ಬಾಗಿಲು ತೆರೆಯುತ್ತಾರೆ. ಮನೆಯವರಿಗೆ ಇದು ರೋಗ ಒಮ್ಮೆಲೇ ಏರಿದಂತೆ ಕಾಣುತ್ತದೆ. ಎಷ್ಟೋ ಸಲ ಅಲ್ಲಿ ಏರಿದ್ದು ಮಹಡಿ ಮಾತ್ರ. ಕಟ್ಟಡದಿಂದ ಕೆಳಗಿಳಿದರೆ ಮೆಟ್ರೊ, ಲೋಕಲ್ ಎರಡೂ ಸಂಧಿಸುವ ಸ್ಟೇಷನ್ನು. ಸಂಜೆ ಏಳರ ಆ ಗರ್ದಿಯಲ್ಲಿ ದಾರಿ ತಪ್ಪಿದ ಹಿರಿಯರನ್ನು ಹುಡುಕುವ ಪಾಡು ಪಟ್ಟವರಿಗೇ ಗೊತ್ತು.

ಹೀಗಾಗಿ ಮೊದಲು ಕೆಲಸದವರನ್ನು ಒದಗಿಸುವ ಬ್ಯೂರೋದಿಂದ ಆರೈಕೆಯ ಬಾಯಿ ಬರುತ್ತಾಳೆ, ಹನ್ನೆರಡು ತಾಸಿನವಳು. ಆಮೇಲೆ ಇಪ್ಪತ್ತನಾಲ್ಕು ತಾಸಿನವಳು. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅವಳಿಗೂ ಮಲಗಲು ಜಾಗ ಬೇಕು. ಸೊಸೆ ಕೆಲಸ ಬಿಡುವ ಮಾತು ಬರುತ್ತದೆ. ಮಗ ಬಿಡುವ ಮಾತನ್ನು ಯಾರೂ ಎತ್ತುವುದಿಲ್ಲ. ಹೋಮಿನ ಹೆಸರು ಮನೆಯಲ್ಲಿ ಪಿಸುಮಾತಿನಲ್ಲಿ ಬರುವುದು ಇಷ್ಟೆಲ್ಲ ಆದ ಮೇಲೆ. ಸೇರಿಸಿದ ಮೇಲೆ ಮದುವೆ ಹಾಲ್‌ಗಳಲ್ಲಿ, ಶನಿ ಪೂಜೆಗಳಲ್ಲಿ "ಅಮ್ಮ ಊರಲ್ಲಿದ್ದಾರೆ" ಎಂಬ ಸುಳ್ಳು. ಹಾಕಿದರು, ಬಿಟ್ಟರು, ಕೈ ತೊಳೆದುಕೊಂಡರು ಎನ್ನುವ ನಾಲಗೆಗಳಿಗೆ ಹೆದರಿ ಮನೆಯವರು ಕೊನೆಯ ದಿನದವರೆಗೂ ಎಳೆಯುತ್ತಾರೆ. ಎಳೆದು ಎಳೆದು ಒಂದು ರಾತ್ರಿ ಅವಸರದಲ್ಲಿ ಎಲ್ಲಿ ಬೆಡ್ ಖಾಲಿ ಇದೆಯೋ ಅಲ್ಲಿಗೆ ಸೇರಿಸುತ್ತಾರೆ. ಈ ನಾಚಿಕೆಯಿಂದ ನಷ್ಟವಾಗುವುದು ಹಿರಿಯರಿಗೇ. ಮನೆಯೋ ಹೋಮೋ ಎಂಬ ವಾದದಲ್ಲಿ ಮುಳುಗಿದವರಿಗೆ, ಆ ಜಾಗ ಇವರನ್ನು ಬಲ್ಲದೇ ಎಂದು ವಿಚಾರಿಸುವ ವ್ಯವಧಾನ ಉಳಿಯುವುದಿಲ್ಲ.

ಬಲ್ಲದೇ ಎಂಬುದು ಭಾವುಕ ಪ್ರಶ್ನೆಯಂತೆ ಕೇಳಬಹುದು. ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. ಮರೆವಿನ ರೋಗ ಎಲ್ಲವನ್ನೂ ಒಂದೇ ಸಮನೆ ಅಳಿಸುವುದಿಲ್ಲ. ಇಂದು ಬೆಳಿಗ್ಗೆ ತಿಂದದ್ದು ಹೋಗುತ್ತದೆ. ಕೈ ಕಲಿತದ್ದು, ಬಾಯಿ ಕಲಿತದ್ದು ಬಹಳ ಕಾಲ ಉಳಿಯುತ್ತದೆ. ವಾರ ಯಾವುದೆಂದು ಹೇಳಲಾಗದ ಅಜ್ಜ ಶನಿಮಹಾತ್ಮೆಯ ಪಾರಾಯಣ ಶುರುವಾದರೆ ಮುಂದಿನ ಸಾಲನ್ನು ಎತ್ತಿಕೊಳ್ಳಬಲ್ಲ. ಅಸಲ್ಫಾದ ಗೀತಾಂಬಿಕಾ ಮಂದಿರದಂಥ ಕಡೆ ವಾರವಾರ ಭಜನೆಗೆ ಕೂತು ಬಂದ ಹೆಂಗಸು ಮಕ್ಕಳ ಹೆಸರು ತಪ್ಪಿದರೂ ತಾಳ ತಪ್ಪುವುದಿಲ್ಲ. ಹೂ ಕಟ್ಟಿದ ಬೆರಳು ಹೂ ಕಟ್ಟುತ್ತದೆ, ಬೀಡಿ ಕಟ್ಟಿದ ಬೆರಳಿಗೆ ಎಲೆ ಕೊಟ್ಟರೆ ಸುರುಳಿ ಸುತ್ತುತ್ತದೆ.

ಭಾವನೆಯ ವಿಷಯ ಇನ್ನೂ ಸೋಜಿಗದ್ದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಲ್ಝೈಮರ್ ಇದ್ದ ಹದಿನೇಳು ಮಂದಿಗೆ ನಗಿಸುವ, ಅಳಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ಕೆಲವೇ ನಿಮಿಷದಲ್ಲಿ ಅವರಿಗೆ ಸಿನಿಮಾದ ವಿವರ ಮರೆತಿತ್ತು. ಆದರೆ ಅದು ಎಬ್ಬಿಸಿದ ದುಃಖ, ಸಂತೋಷ ಅವರಲ್ಲಿ ಉಳಿದೇ ಇತ್ತು. "ನಾನು ಹೋಗಿ ಬಂದರೂ ಅಪ್ಪನಿಗೆ ನೆನಪಿರುವುದಿಲ್ಲ, ಹೋಗಿ ಏನು ಪ್ರಯೋಜನ" ಎನ್ನುವ ಮಕ್ಕಳು ಈ ಸಂಗತಿಯನ್ನು ಒಮ್ಮೆ ಯೋಚಿಸಬೇಕು. ಹೋಮಿನವರೂ ಯೋಚಿಸಬೇಕು. ಬೆಳಿಗ್ಗೆ ಸ್ನಾನದ ಹೊತ್ತಿಗೆ ಗದರಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲದಿದ್ದರೂ, ಮಧ್ಯಾಹ್ನದ ಊಟ ಬೇಡವೆನ್ನುವ ಮುಖದ ಹಿಂದೆ ಆ ಗದರಿಕೆ ಇರುತ್ತದೆ.

ಭಾಷೆಯ ಮಾತಿಗೆ ಬಂದರೆ ಮುಂಬಯಿ ಕನ್ನಡಿಗರದು ಬಹಳ ಸಂಕೀರ್ಣ ಪ್ರಕರಣ. ಕರಾವಳಿಯ ಮನೆಗಳಲ್ಲಿ ಅಡಿಗೆಮನೆಯದು ತುಳು ಅಥವಾ ಕುಂದಾಪುರದ ಕನ್ನಡ. ಓದು, ಪೇಪರು, ಯಕ್ಷಗಾನ, ಸಭೆಗಳದು ಕನ್ನಡ. ಗಿರಾಕಿಗಳದು ಹಿಂದಿ, ಮುನಿಸಿಪಾಲ್ಟಿಯದು ಮರಾಠಿ, ಘಾಟ್ಕೋಪರ್ ಆದ್ದರಿಂದ ಪಕ್ಕದ ಮನೆಯದು ಗುಜರಾತಿ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆಸಿದವರದು ಇನ್ನೊಂದು ಕನ್ನಡ. ಇಷ್ಟು ಭಾಷೆಗಳ ಒಡನಾಟ ಮೆದುಳಿಗೆ ಒಳ್ಳೆಯದೇ ಎನ್ನಲು ಆಧಾರವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು.

ಆದರೆ ರೋಗ ಬಂದು ಬಲಿತ ಮೇಲೆ ಕೆಲವರಲ್ಲಿ, ಎಲ್ಲರಲ್ಲೂ ಅಲ್ಲ, ತಡವಾಗಿ ಕಲಿತ ಭಾಷೆಗಳು ಮೊದಲು ಜಾರುತ್ತವೆ. ಐವತ್ತು ವರ್ಷ ಹಿಂದಿಯಲ್ಲಿ ವ್ಯಾಪಾರ ಮಾಡಿದವರು ಹಿಂದಿಯಲ್ಲಿ ಹೇಳಿದ್ದಕ್ಕೆ ಸುಮ್ಮನೆ ನೋಡುತ್ತಾರೆ. ಹೋಮಿನಲ್ಲಿ ಆರೈಕೆ ಮಾಡುವವರು ರತ್ನಾಗಿರಿಯ ಮಾವಶಿ, ಝಾರ್ಖಂಡಿನ ಹುಡುಗಿ, ಬಿಹಾರದ ಹುಡುಗ. "ಬಾಜೆಲ್" ಎಂದು ತುಳುವಿನಲ್ಲಿ ಬಾಯಾರಿಕೆ ಹೇಳಿಕೊಂಡ ಅಜ್ಜಿಗೆ ನೀರು ಸಿಗುವುದಿಲ್ಲ. ನೀರು ಕಡಿಮೆಯಾದರೆ ಮೂತ್ರದ ಸೋಂಕು. ಹಿರಿಯರಲ್ಲಿ ಈ ಸೋಂಕು ಜ್ವರಕ್ಕಿಂತ ಮೊದಲು ಗೊಂದಲವಾಗಿ, ಕಿರುಚಾಟವಾಗಿ ತೋರುವುದುಂಟು. ಎರಡು ದಿನದಲ್ಲಿ ಮನುಷ್ಯ ಹಠಾತ್ತನೆ ಬದಲಾದರೆ ಅದು ಮರೆವು ಹೆಚ್ಚಾದದ್ದಲ್ಲ, ಬೇರೇನೋ ಆಗಿದೆ ಎಂದು ಹಿಡಿಯಬೇಕು: ಸೋಂಕು, ಮಲಬದ್ಧತೆ, ಮಂಡಿ ನೋವು, ಹೊಸ ಮಾತ್ರೆ. ಸೇವಕರಿಗೆ ಕನ್ನಡ, ತುಳು ಪೂರ್ತಿ ಬರಬೇಕೆಂದು ಯಾರೂ ಕೇಳುವುದಿಲ್ಲ. ನೀರು, ನೋವು, ಮೂತ್ರ, ಹಸಿವು, ಚಳಿ, ಹೆದರಿಕೆ, ಇಷ್ಟಕ್ಕೆ ಮನೆಯಲ್ಲಿ ಬಳಸುತ್ತಿದ್ದ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಮಂಚದ ತಲೆಯ ಬಳಿ ಅಂಟಿಸಿದರೂ ದೊಡ್ಡ ಉಪಕಾರ.

ಊಟವೂ ಹಾಗೆಯೇ. ಬಹುತೇಕ ಹೋಮುಗಳ ಅಡಿಗೆ ಚಪಾತಿ, ದಾಲ್, ಖಿಚಡಿ. ಜೀವಮಾನವೆಲ್ಲ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಂಡವರ ಮುಂದೆ ತೆಳ್ಳಗಿನ ಚಪಾತಿ ಇಟ್ಟು, ಮುಟ್ಟದಿದ್ದರೆ "ಊಟ ನಿರಾಕರಣೆ" ಎಂದು ಬರೆದುಕೊಳ್ಳುತ್ತಾರೆ. ಜೋಳದ ರೊಟ್ಟಿಯವರ ಪಾಡೂ ಇದೇ. ಇದನ್ನು ಕೇಳಿದರೆ ಮೆನು ಎಲ್ಲರಿಗೂ ಒಂದೇ ಎನ್ನುವ ಉತ್ತರ ಬರುತ್ತದೆ. ಎಲ್ಲರಿಗೂ ಮಾತ್ರೆ ಮಾತ್ರ ಬೇರೆ ಬೇರೆ.

ಡಿಮೆನ್ಶಿಯಾ ಇರುವವರ ಮನೆಯಲ್ಲಿ ಸಂಜೆ ಐದರ ಮೇಲೆ ನಡೆಯುವ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೆಳಕು ಇಳಿಯುತ್ತಿದ್ದಂತೆ ಚಡಪಡಿಕೆ ಶುರು. ಚೀಲಕ್ಕೆ ಸೀರೆ, ಟವೆಲ್, ಒಂದು ಬಾಚಣಿಗೆ ತುಂಬುತ್ತಾರೆ. "ಊರಿಗೆ ಹೋಗಬೇಕು, ಬಸ್ಸಿಗೆ ಹೊತ್ತಾಯ್ತು." ಕೊಂಕಣ ರೈಲು ಬರುವ ಮುಂಚಿನ ಕಾಲದಲ್ಲಿ ಮುಂಬಯಿಯಿಂದ ಮಂಗಳೂರು ಕಡೆಗೆ ರಾತ್ರಿ ಬಸ್ಸೇ ಗತಿಯಾಗಿದ್ದವರಿಗೆ ಸಂಜೆ ಎಂದರೆ ಹೊರಡುವ ಹೊತ್ತು. ಮಕ್ಕಳು ಮಾಡುವ ಮೊದಲ ತಪ್ಪು ನಿಜ ಹೇಳುವುದು: "ಊರ ಮನೆ ಮಾರಿ ಇಪ್ಪತ್ತು ವರ್ಷ ಆಯ್ತು, ಅಜ್ಜಿ ಸತ್ತು ಮೂವತ್ತು ವರ್ಷ." ಆಗ ಅವರು ತಾಯಿಯ ಸಾವಿನ ಸುದ್ದಿಯನ್ನು ಮೊದಲ ಸಲ ಕೇಳಿದವರಂತೆ ಅಳುತ್ತಾರೆ. ನಾಳೆ ಸಂಜೆ ಮತ್ತೆ ಕೇಳುತ್ತಾರೆ, ಮತ್ತೆ ಅಳುತ್ತಾರೆ. ಎರಡನೆಯ ತಪ್ಪು "ನಾಳೆ ಹೋಗುವ" ಎಂಬ ಸುಳ್ಳು.

ಇವೆರಡರ ನಡುವೆ ಒಂದು ದಾರಿ ಇದೆ. ಬಳಿ ಕೂತು, ಊರಲ್ಲಿ ಯಾರಿದ್ದಾರೆ, ಅಂಗಳದಲ್ಲಿ ಏನು ಮರ, ಬಸ್ಸು ಎಲ್ಲಿ ಚಹಾಕ್ಕೆ ನಿಲ್ಲುತ್ತದೆ ಎಂದು ಕೇಳುವುದು. ಊರಿಗೆ ಹೋಗಬೇಕು ಎಂಬುದರ ಒಳಗೆ ನನಗೆ ಇಲ್ಲಿ ಭಯ, ಯಾರೂ ನನ್ನವರಲ್ಲ ಎಂಬ ಮಾತು ಇರುತ್ತದೆ; ಅದಕ್ಕೆ ಉತ್ತರ ಕೊಡಬೇಕು. ಜರ್ಮನಿಯ ಡ್ಯುಸ್ಸೆಲ್‌ಡಾರ್ಫಿನ ಒಂದು ವೃದ್ಧರ ಕೇಂದ್ರದವರು ಇದಕ್ಕಾಗಿ ಹೊರಗೆ ಒಂದು ಸುಳ್ಳು ಬಸ್ ಸ್ಟಾಪನ್ನೇ ನಿಲ್ಲಿಸಿದರು. ಬಸ್ಸು ಬರುವುದಿಲ್ಲ, ಹೊರಟವರು ಬೆಂಚಿನ ಮೇಲೆ ಕೂತು ಸಮಾಧಾನವಾದ ಮೇಲೆ ಒಳಗೆ ಕರೆದೊಯ್ಯುತ್ತಾರೆ. ಜಗತ್ತೆಲ್ಲ ಮೆಚ್ಚಿದ ಉಪಾಯ. ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಬರದ ಬಸ್ಸಿಗೆ ಒಬ್ಬರನ್ನೇ ಕೂರಿಸುವುದು ಕ್ರೂರ. ಪಕ್ಕದಲ್ಲಿ ಒಬ್ಬರು ಕೂತರೆ ಮಾತು ಬೇರೆ, ಆದರೆ ಪಕ್ಕದಲ್ಲಿ ಕೂರಲು ಜನ ಇದ್ದರೆ ಬಸ್ ಸ್ಟಾಪ್ ಯಾಕೆ ಬೇಕು?

ಹಾಲೆಂಡಿನ ವೇಸ್ಪ್ ಊರಿನ ಹೊಗೆವೇಕ್ ಇದಕ್ಕಿಂತ ಎಷ್ಟೋ ಪ್ರಾಮಾಣಿಕ. 2009ರಲ್ಲಿ ತೆರೆದ ಈ ‘ಡಿಮೆನ್ಶಿಯಾ ಹಳ್ಳಿ’ಯಲ್ಲಿ ಆಗ 23 ಮನೆ, ಸುಮಾರು 150 ಮಂದಿ. ಒಂದೊಂದು ಮನೆಯಲ್ಲಿ ಆರೇಳು ಜನ. ಅಂಗಡಿ, ಕೆಫೆ, ನಾಟಕ ಶಾಲೆ, ಬೀದಿ ಎಲ್ಲ ಒಳಗೇ ಇವೆ, ಓಡಾಟಕ್ಕೆ ತಡೆಯಿಲ್ಲ. ಅಲ್ಲಿ ಯಾರು ಯಾರ ಜೊತೆ ಇರಬೇಕೆಂದು ಗೊತ್ತುಮಾಡುವುದು ರೋಗದ ಹಂತ ನೋಡಿ ಅಲ್ಲ, ಬದುಕಿದ ರೀತಿ ನೋಡಿ. ಡಚ್ಚರ ಆಳ್ವಿಕೆಯ ಕಾಲದ ಇಂಡೊನೇಷ್ಯಾದಲ್ಲಿ ಬೆಳೆದು ಬಂದವರಿಗೆ ಅಲ್ಲಿಯ ಅಡಿಗೆ, ಅಲ್ಲಿಯ ಅಲಂಕಾರದ ಪ್ರತ್ಯೇಕ ಮನೆ ಇತ್ತು. ವಲಸೆ ಹೋದವರ ಮುಪ್ಪಿಗೆ ಅವರ ಊರೂ ಬೇಕು ಎಂದು ಹೊಗೆವೇಕ್‌ನವರು ಲೆಕ್ಕ ಹಾಕಿದ್ದರು. ಸರ್ಕಾರದ ವಿಮೆಯ ಹಣದಿಂದ ನಡೆಯುವ ಅಂಥ ವೈಭವ ಮುಂಬಯಿಗೆ ಬರಲಿ ಎನ್ನುವುದು ಹಗಲುಗನಸು. ಆ ಲೆಕ್ಕಾಚಾರ ಮಾತ್ರ ಪುಕ್ಕಟೆ.

ನಮ್ಮ ಸಿನಿಮಾಗಳು ಈ ವಿಷಯದಲ್ಲಿ ನಮ್ಮ ಸಂಘಸಂಸ್ಥೆಗಳಿಗಿಂತ ಮುಂದಿವೆ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೋಡಿದವರಿಗೆ ಅನಂತನಾಗ್‌ರ ವೆಂಕೋಬರಾಯರು ನೆನಪಿರುತ್ತಾರೆ. ಮಗ ಮುಂಬಯಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಅಪ್ಪ ಬೆಂಗಳೂರಿನ ಹೋಮಿನಲ್ಲಿ. ಅಪ್ಪ ಕಳೆದುಹೋದ ಮೇಲೆ ಅವರ ಬದುಕಿನ ಕತೆಗಳು ಮಗನಿಗೆ ತಿಳಿಯುವುದು ಹೋಮಿನ ಡಾಕ್ಟರಿಂದ. ಅಪ್ಪನ ಮಾತನ್ನು ಕೂತು ಕೇಳಿಸಿಕೊಂಡವಳು ಆಕೆ. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ್ ನಿರ್ದೇಶನದ ಮರಾಠಿಯ ‘ಅಸ್ತು’ ಇದಕ್ಕೆ ತಿರುವುಮುರುವು. ಅಲ್ಲಿ ಮೋಹನ್ ಆಗಾಶೆ, ಅವರು ಸ್ವತಃ ಮನೋವೈದ್ಯರು, ಮರೆವಿಗೆ ಸಿಕ್ಕ ಸಂಸ್ಕೃತ ವಿದ್ವಾಂಸರು. ಆನೆಯ ಹಿಂದೆ ನಡೆದು ಹೋಗುತ್ತಾರೆ. ಅವರನ್ನು ನೋಡಿಕೊಳ್ಳುವವಳು ಮಾವುತನ ಹೆಂಡತಿ ಚನ್ನಮ್ಮ. ಅವರ ಪಾಂಡಿತ್ಯವಾಗಲಿ ರೋಗದ ಹೆಸರಾಗಲಿ ಅವಳಿಗೆ ಗೊತ್ತಿಲ್ಲ. ಹಸಿದಿದ್ದಾರೆ, ಹೆದರಿದ್ದಾರೆ ಎಂಬುದು ಕಾಣುತ್ತದೆ. ಬದುಕಿನ ಕತೆಯ ಫೈಲು ದಪ್ಪವಾಗಿದ್ದ ಮಾತ್ರಕ್ಕೆ ಆರೈಕೆ ಆಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಅಮೃತಾ ಸುಭಾಷ್ ಮಾಡಿದ ಆ ಪಾತ್ರ ನೋಡಿ.

ಇಷ್ಟೆಲ್ಲ ಹೇಳಿದ್ದು ಫಲ ಕೊಡುತ್ತದೆಯೇ ಎಂದು ಕೇಳುವವರಿಗೆ ಕೆಲವು ಸಾಕ್ಷ್ಯಗಳು. ಡಿಮೆನ್ಶಿಯಾದವರಿಗೆ ಕೊಡುವ ಕೆಲವು ಶಾಮಕ ಮಾತ್ರೆಗಳು ಸಾವಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಬ್ರಿಟನ್ನಿನಲ್ಲಿ ಪ್ರೊ. ಸುಬೆ ಬ್ಯಾನರ್ಜಿ 2009ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ವರ್ಷಕ್ಕೆ 1,800 ಹೆಚ್ಚುವರಿ ಸಾವುಗಳ ಅಂದಾಜಿತ್ತು. ಅದಕ್ಕೂ ಮುಂಚೆ, 2006ರಲ್ಲಿ ಪ್ರಕಟವಾದ, ಅಲ್ಲಿಯ ಹನ್ನೆರಡು ನರ್ಸಿಂಗ್ ಹೋಮುಗಳಲ್ಲಿ ನಡೆದ ಪ್ರಯೋಗದಲ್ಲಿ, ಸಿಬ್ಬಂದಿಗೆ ವ್ಯಕ್ತಿಕೇಂದ್ರಿತ ಆರೈಕೆ ಕಲಿಸಿದ ಕಡೆ ವರ್ಷದ ಕೊನೆಗೆ ಇಂಥ ಮಾತ್ರೆ ನುಂಗುವವರು ಶೇ. 23, ಕಲಿಸದ ಕಡೆ ಶೇ. 42. ಗಲಾಟೆಯೇನೂ ಹೆಚ್ಚಾಗಲಿಲ್ಲ. 2018ರಲ್ಲಿ ಪ್ರಕಟವಾದ 69 ಹೋಮುಗಳ ದೊಡ್ಡ ಪ್ರಯೋಗದಲ್ಲೂ ಬದುಕಿನ ಗುಣಮಟ್ಟ ಸುಧಾರಿಸಿತು. ಎಲ್ಲ ಪ್ರಯೋಗಗಳೂ ಗೆದ್ದಿಲ್ಲ. ಕಿಟ್‌ವುಡ್‌ರ ಬಳಗವೇ ರೂಪಿಸಿದ ವೀಕ್ಷಣಾ ಪದ್ಧತಿಯನ್ನು 50 ಹೋಮುಗಳಲ್ಲಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬಹಳಷ್ಟು ಹೋಮುಗಳು ಅದನ್ನು ಪೂರ್ತಿ ಜಾರಿಮಾಡಿರಲೂ ಇಲ್ಲ. ಕಲಿತ ಸಿಬ್ಬಂದಿ ಇದ್ದರೂ ಅದಕ್ಕೆ ಹೊತ್ತು ಸಿಗಬೇಕಲ್ಲ.

ಹೊತ್ತಿನ ಮಾತು ಬಂದರೆ ಸಂಬಳದ ಮಾತೂ ಬರುತ್ತದೆ. ತನ್ನ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಹನ್ನೆರಡು ತಾಸು ಇನ್ನೊಬ್ಬರ ತಾಯಿಯ ಡೈಪರ್ ಬದಲಿಸುವ ಮಾವಶಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬ್ಯೂರೋದವರು ವಾರಕ್ಕೊಬ್ಬಳನ್ನು ಬದಲಿಸುತ್ತಾರೆ. ಅಜ್ಜಿ ಎಡಗಿವಿಯಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಾಳೆ, ನೀರು ತಲೆಗೆ ಒಮ್ಮೆಲೇ ಹೊಯ್ದರೆ ಹೆದರುತ್ತಾಳೆ, ಕಾಲಿನಿಂದ ಶುರುಮಾಡಬೇಕು ಎಂದು ಅವಳು ಕಲಿಯುವಷ್ಟರಲ್ಲಿ ಇನ್ನೊಬ್ಬಳು ಬಂದಿರುತ್ತಾಳೆ. ಒಬ್ಬ ನಿವಾಸಿಗೆ ಗೊತ್ತುಮಾಡಿದ ಒಂದಿಬ್ಬರು ಸೇವಕರು, ತಿಂಗಳುಗಟ್ಟಲೆ ಅವರೇ. ಮಾರ್ಬಲ್ ನೆಲಕ್ಕಿಂತ, ಸಿಸಿಟಿವಿಗಿಂತ ಇದು ಮುಖ್ಯ ಎಂದು ನನ್ನ ಅಭಿಪ್ರಾಯ.

ಮುಂಬಯಿ ಸುತ್ತ ಕೆಲಸ ಮಾಡುತ್ತಿರುವವರು ಇಲ್ಲದಿಲ್ಲ. ಡಿಗ್ನಿಟಿ ಫೌಂಡೇಶನ್ 1995ರಿಂದ ಹಿರಿಯರ ನಡುವೆ ಇದೆ. ಅದರ ಹಿರಿಯರ ವಸತಿ ಇರುವುದು ಘಾಟ್ಕೋಪರ್‌ನಿಂದ ಕರ್ಜತ್ ಲೋಕಲ್ ಹಿಡಿದರೆ ಸಿಗುವ ನೇರಳ್‌ನಲ್ಲಿ. ನಾಲಾಸೋಪಾರ ಕಡೆಯ ರಾಜೋಡಿಯಲ್ಲಿ ಸಿಲ್ವರ್ ಇನ್ನಿಂಗ್ಸ್‌ನವರ ಸ್ನೇಹಾಂಜಲಿ ಇದೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ಡಾ. ರಾಧಾ ಮೂರ್ತಿಯವರ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಡಿಮೆನ್ಶಿಯಾಕ್ಕೆಂದೇ ಕೇಂದ್ರ ತೆರೆಯಿತು. ಅಗತ್ಯದ ಮುಂದೆ ಇವೆಲ್ಲ ಅಲ್ಪ. ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹಲವು ಸ್ವಂತ ಓಡಾಡುವವರಿಗೆ ಮಾತ್ರ ಬಾಗಿಲು ತೆರೆಯುತ್ತವೆ. ಕಾನೂನಿನ ಬಲವೂ ಸ್ವಲ್ಪ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಸರಪಳಿ ಹಾಕುವುದನ್ನು ಅದು ನಿಷೇಧಿಸುತ್ತದೆ. ಸಿಬ್ಬಂದಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಟ್ಟಿಹಾಕುವಂತಿಲ್ಲ ಎಂದೂ ಹೇಳುತ್ತದೆ. ಬ್ಯಾಂಡೇಜು ಬಟ್ಟೆಯಲ್ಲಿ ಕೈಯನ್ನು ಮಂಚದ ಸರಳಿಗೆ ಬಿಗಿದು "ಬೀಳದ ಹಾಗೆ" ಎನ್ನುವವರಿಗೆ ಇದನ್ನು ತೋರಿಸಬಹುದು. ದೂರಿಗೆ, ಸಲಹೆಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ಈಗ ನಮ್ಮವರ ಪಾಲಿನ ಕೆಲಸ. ಮುಂಬಯಿ ಕನ್ನಡಿಗರಿಗೆ ಸಂಘಗಳ ಬರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದು, ಬಂಟರ ಸಂಘ 1927ರದು, ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಬಿಲ್ಲವರ ಅಸೋಸಿಯೇಶನ್ ಇದೆ, ಕರ್ನಾಟಕ ಸಂಘ ಇದೆ, ಘಾಟ್ಕೋಪರ್‌ನಲ್ಲೇ ಕನ್ನಡ ವೆಲ್ಫೇರ್ ಸೊಸೈಟಿ ಇದೆ. ವಲಸೆ ಬಂದ ಹುಡುಗರಿಗೆ ರಾತ್ರಿ ಶಾಲೆ ಕಟ್ಟಿದ ಸಮುದಾಯ ಇದು. ಆ ಹುಡುಗರೇ ಈಗ ಎಂಬತ್ತರವರು. ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನ ಅವರಿಗೆ ಬೇಕಾದಷ್ಟು ಆಗಿದೆ. ಯಾವ ಹೋಮಿನಲ್ಲಿ ನಮ್ಮ ಮಾತಿನವರು ಎಷ್ಟು ಜನ ಇದ್ದಾರೆಂಬ ಒಂದು ಪಟ್ಟಿ, ವಾರಕ್ಕೊಮ್ಮೆ ಹೋಗಿ ಕನ್ನಡ, ತುಳು ಮಾತಾಡಿ, ಪೇಪರು ಓದಿ, ಒಂದು ಭಜನೆ ಹೇಳಿ ಬರುವ ನಾಲ್ಕು ನಿವೃತ್ತರು, ತಿಂಗಳಿಗೆ ಒಂದು ಮೂಟೆ ಕುಚ್ಚಲಕ್ಕಿ. ಒಂದು ವಾರ್ಷಿಕೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಇದೆಲ್ಲ ವರ್ಷಪೂರ್ತಿ ಆಗುತ್ತದೆ.

ಮನೆಯವರು ಮಾಡಬೇಕಾದ್ದು ಒಂದು ಹಾಳೆ ಬರೆಯುವುದು. ಬ್ರಿಟನ್ನಿನ ಆಲ್ಝೈಮರ್ಸ್ ಸೊಸೈಟಿ ‘ದಿಸ್ ಈಸ್ ಮಿ’ ಎಂಬ ಇಂಥದೇ ಪುಟ್ಟ ಕಾಗದ ಹಂಚುತ್ತದೆ. ನಮ್ಮದರಲ್ಲಿ ಇರಬೇಕಾದವು: ಶೆಟ್ರೇ ಎನ್ನಬೇಕೋ, ಅಣ್ಣ ಎನ್ನಬೇಕೋ, ಟೀಚರ್ ಎನ್ನಬೇಕೋ, ಎಷ್ಟಕ್ಕೆ ಏಳುವವರು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಬಿಸಿನೀರೋ ತಣ್ಣೀರೋ, ಚಹಾವೋ ಕಾಫಿಯೋ, ಗ್ಲಾಸಿನಲ್ಲೋ ಕಪ್ಪಿನಲ್ಲೋ, ಸೋಮವಾರ ಉಪವಾಸವೇ, ಮೀನಿಲ್ಲದೆ ಉಣ್ಣದವರೇ, ಯಾರ ಸಾವಿನ ಮಾತು ಎತ್ತಬಾರದು, ಯಾವ ಹಾಡಿಗೆ ಮುಖ ಅರಳುತ್ತದೆ, ಹೆದರಿದಾಗ ಏನು ಮಾಡುತ್ತಾರೆ. ಇದನ್ನು ರೋಗದ ಮೊದಲ ಹಂತದಲ್ಲಿ, ಅವರಿಗೇ ಹೇಳಲು ಬರುವಾಗ, ಅವರ ಬಾಯಿಂದಲೇ ಕೇಳಿ ಬರೆಯುವುದು ಉತ್ತಮ. ಮಕ್ಕಳಿಗೆ ತಮಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಆಗ ಗೊತ್ತಾಗುತ್ತವೆ. ಹಿಂದಿಯಲ್ಲಿ ಒಂದು ಪ್ರತಿ ಮಾಡಿಸಿ, ಆಫೀಸಿನ ಕಪಾಟಿಗೆ ಕೊಡದೆ ಮಂಚದ ಪಕ್ಕ ಅಂಟಿಸಬೇಕು.

ಹೋಮ್ ನೋಡಲು ಹೋಗುವವರು ಬೆಳಿಗ್ಗೆ ಹನ್ನೊಂದಕ್ಕೆ, ಮ್ಯಾನೇಜರ್ ಇಸ್ತ್ರಿ ಅಂಗಿಯಲ್ಲಿ ಕಾಯುವ ಹೊತ್ತಿಗೆ ಹೋಗಬೇಡಿ. ಸಂಜೆ ಐದೂವರೆಗೆ ಹೋಗಿ. ಟಿವಿ ಮುಂದೆ ಸಾಲಾಗಿ ಕೂರಿಸಿದ್ದಾರೋ, ಯಾರಾದರೂ ಯಾರ ಜೊತೆಗಾದರೂ ಮಾತಾಡುತ್ತಿದ್ದಾರೋ ನೋಡಿ. ಯಾರ ಮೈಮೇಲೆ ಅವರದೇ ಬಟ್ಟೆ ಇದೆ, ಯಾರಿಗೆ ಎಲ್ಲರಂತೆ ನೈಟಿ ಹಾಕಿದ್ದಾರೆ ನೋಡಿ. ನಿವಾಸಿಯೊಬ್ಬರನ್ನು ತೋರಿಸಿ ಇವರು ಮೊದಲು ಏನು ಕೆಲಸ ಮಾಡುತ್ತಿದ್ದರು ಎಂದು ಸಿಬ್ಬಂದಿಯನ್ನು ಕೇಳಿ. ಗಾಯ, ತೂಕ, ಮಾತ್ರೆಗಳ ದಾಖಲೆ ಮನೆಯವರಿಗೆ ತೋರಿಸುತ್ತಾರೆಯೇ ವಿಚಾರಿಸಿ. ರಾತ್ರಿ ಡ್ಯೂಟಿಗೆ ಎಷ್ಟು ಜನ, ಅವರಿಗೆ ಯಾವ ಭಾಷೆ ಬರುತ್ತದೆ, ಮತ್ತು ನಸುಕಿನ ನಾಲ್ಕಕ್ಕೆ ಎದ್ದವರಿಗೆ ಇಲ್ಲಿ ಏನು ಕೊಡುತ್ತೀರಿ, ಮಾತ್ರೆಯೋ ಚಹಾವೋ ಎಂದು ಕೇಳಿ, ಉತ್ತರ ಬರುವವರೆಗೆ ಡಿಪಾಸಿಟ್ ಕಟ್ಟಬೇಡಿ.